ಕಾಶೆಪ್ಪ ಮುತ್ಯಾನ ಬೀಜದ ಕುಣಿ

ಕಳೆದ ತಿಂಗಳು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ ಹತ್ತಿ ಕೂತಿದ್ದೆ. ಹೊರಡುವ ಹೊತ್ತಿಗೆ ಹೆಂಗಸೊಬ್ಬಳು ಮಣ್ಣು ಮೆತ್ತಿದ ಚೀಲವೊಂದನ್ನು ಎಳೆದು ತಂದು ನನ್ನ ಕಾಲ ಬಳಿ ನಿಲ್ಲಿಸಿ, "ಜರಾ ಕಾಲು ಸರಿಸ್ರಿ ಅಕ್ಕೋರೆ, ಅಲ್ಲದ ಚೀಲ ಅದ" ಎಂದಳು. ಹಸಿಶುಂಠಿಗೆ ನಮ್ಮ ಕಡೆ 'ಅಲ್ಲ' ಎನ್ನುತ್ತಾರೆ. ಆಗಷ್ಟೇ ಅಗೆದು ತಂದದ್ದು. ಬಸ್ಸು ಹೊರಟು ಬಿಸಿಲು ಒಳಗೆ ಬಿದ್ದಂತೆ ಚೀಲದಿಂದ ಹಸಿಮಣ್ಣಿನ, ಖಾರದ ವಾಸನೆ ಏಳತೊಡಗಿತು. ರಾಜೇಶ್ವರ ದಾಟುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಇದ್ದೆ. ಆಮೇಲೆ ನೋಡಿದರೆ ನನ್ನ ಕೈ ಚೀಲದ ಬಾಯಿಂದ ಒಂದು ಗಡ್ಡೆ ತೆಗೆದು, ಮುರಿದು, ಮೂಗಿನ ಹತ್ತಿರ ತಂದಿತ್ತು.

ಹೆಂಗಸು ನನ್ನನ್ನೇ ನೋಡುತ್ತಿದ್ದಳು. "ಚೊಲೋ ಅದ ಏನ್ರಿ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ನಿಜಕ್ಕೂ ನನಗೆ ಗೊತ್ತಾಗುವುದಿಲ್ಲ. ಅದು ಗೊತ್ತಾಗುತ್ತಿದ್ದವರು ಒಬ್ಬರು ದುಬಲಗುಂಡಿಯಲ್ಲಿದ್ದರು. ಅವರನ್ನು ನಾನು ನೋಡಿದ್ದು ಒಂದೇ ವರ್ಷ, ಅದೂ ಪೂರ್ತಿ ಅಲ್ಲ.

ನಾನು ಆಗ ಬಿ.ಎಸ್ಸಿ. ಮುಗಿಸಿ ಬಸವಕಲ್ಯಾಣದಲ್ಲಿ ಅವ್ವನ ಜೊತೆ ಇದ್ದೆ. ದುಬಲಗುಂಡಿಯ ಸುತ್ತಮುತ್ತ ಅರ್ಧ ಎಕರೆ, ಒಂದು ಎಕರೆಯಲ್ಲಿ ಬಾವಿಯ ನೀರಿಗೆ ಅಲ್ಲ ಬೆಳೆಯುವ ಸಣ್ಣ ರೈತರು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡಿದ್ದರು. ಒಬ್ಬೊಬ್ಬರೇ ಹಸಿ ಗಡ್ಡೆ ಹೊತ್ತು ಪೇಟೆಗೆ ಹೋದರೆ ಕೊಳ್ಳುವವನು ಹೇಳಿದ್ದೇ ಮಾತು. ಎಲ್ಲರದನ್ನೂ ಒಂದೆಡೆ ಹಾಕಿ, ನೆನೆಸಿ, ಸಿಪ್ಪೆ ಹೆರೆದು, ಒಣಗಿಸಿ ಒಣಶುಂಠಿ ಮಾಡಿದರೆ ತಮಗೆ ಬೇಕಾದಾಗ ಮಾರಬಹುದೆಂಬುದು ಅವರ ಲೆಕ್ಕಾಚಾರ. ಆ ವರ್ಷ ಊರ ಹೊರಗೆ ಒಣಗಿಸಲು ಸಿಮೆಂಟಿನ ಕಣ, ನೆನೆಸಲು ಎರಡು ತೊಟ್ಟಿ ಕಟ್ಟಿದ್ದರು. ಇನ್ನಷ್ಟು ಮನೆಗಳವರೂ ಹೊಸದಾಗಿ ಸಂಘಕ್ಕೆ ಸೇರಿದ್ದರು. ಬೇಸಾಯದ ಆರು ವಾರದ ಒಂದು ತರಬೇತಿ ಮುಗಿಸಿದ್ದ ನನ್ನನ್ನು ಕಾರ್ಯದರ್ಶಿ ಎಂದು ಕರೆದರು. ಬೆಳಿಗ್ಗೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ದುಬಲಗುಂಡಿಗೆ ಇನ್ನೊಂದು. ಸಂಜೆ ಅದೇ ದಾರಿ ಹಿಂದಕ್ಕೆ. ದುಬಲಗುಂಡಿಯಿಂದ ಐದೂವರೆಯ ಬಸ್ಸು ತಪ್ಪಿದರೆ ಹುಮನಾಬಾದಿನಲ್ಲಿ ಮುಂದಿನ ಬಸ್ಸೂ ತಪ್ಪಿದಂತೆ.

ಕಾಶೆಪ್ಪ ಮುತ್ಯಾ, ಅಂದರೆ ಕಾಶೆಪ್ಪಜ್ಜ, ಸಂಘದಲ್ಲಿ ಯಾವ ಹುದ್ದೆಯಲ್ಲೂ ಇರಲಿಲ್ಲ. ಆದರೆ ಊರಿನ ಬೀಜ ಅವರ ಹತ್ತಿರ ಇರುತ್ತಿತ್ತು. ಚಳಿಗಾಲದಲ್ಲಿ ಅಗೆದ ಗಡ್ಡೆಯಲ್ಲಿ ಚೆನ್ನಾದದ್ದನ್ನು ಆರಿಸಿ, ತಮ್ಮ ಹೊಲದ ಬೇವಿನ ಮರದ ನೆರಳಿನಲ್ಲಿ ತೋಡಿದ ಕುಣಿಯಲ್ಲಿ ಒಂದು ಪದರ ಮರಳು, ಒಂದು ಪದರ ಗಡ್ಡೆ, ಮೇಲೆ ಬೇವಿನ ಎಲೆ ಹೀಗೆ ಇಟ್ಟು, ಬೇಸಿಗೆಯುದ್ದಕ್ಕೂ ಕಾಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಕುಣಿ ತೆಗೆದು ಒಂದೊಂದೇ ಗಡ್ಡೆ ಕೈಗೆತ್ತಿಕೊಂಡು ಮೂಸುತ್ತಿದ್ದರು. ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, ಒಂದು ಕ್ಷಣ ಹಾಗೇ ಇರುತ್ತಿದ್ದರು. ಕೆಟ್ಟದ್ದನ್ನು ದೂರ ಎಸೆಯುತ್ತಿದ್ದರು. ನನ್ನ ಕಣ್ಣಿಗೆ ಎಸೆದದ್ದೂ ಇಟ್ಟುಕೊಂಡದ್ದೂ ಒಂದೇ ತರಹ ಕಾಣುತ್ತಿತ್ತು. ಮೊದಲ ದಿನವೇ ಎಸೆದ ಗಡ್ಡೆಯೊಂದನ್ನು ಎತ್ತಿಕೊಂಡು ಇದರಲ್ಲಿ ಏನಿದೆ ಎಂದು ಕೇಳಿದ್ದೆ.

"ಕೊಯ್ದು ನೋಡು ತಂಗಿ" ಎಂದರು.

ಕೊಯ್ದೆ. ನಟ್ಟನಡುವೆ ಅಕ್ಕಿಕಾಳಿನಷ್ಟು ಜಾಗ ನೀರು ಕುಡಿದಂತೆ ಕಂದಿತ್ತು.

ಅವರಿಗೆ ಆಗ ಎಪ್ಪತ್ತು ದಾಟಿತ್ತು. ಬೆಳ್ಳಗಿನ ಧೋತರ, ಹಣೆಗೆ ವಿಭೂತಿ, ತೆಳ್ಳಗಿನ ಮೈ. ಮಗ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಸೊಸೆ ಮಹಾನಂದಾ ಇದ್ದಳು. ಮಾವ, ಸೊಸೆ ಇಬ್ಬರೇ ಎರಡು ಎಕರೆ ನೋಡಿಕೊಳ್ಳುತ್ತಿದ್ದರು. ಮಹಾನಂದಾ ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ಕಮ್ಮಿ. ನನ್ನನ್ನು ಮೇಡಂ ಎನ್ನುತ್ತಿದ್ದಳು. ಆ ಮಾತಿಗೆ ನಾನು ಹಿಗ್ಗುತ್ತಿದ್ದೆ.

ಹೊಸಬರು ಸೇರಿದ್ದರಿಂದ ಆ ಸಲ ಕುಣಿಯ ಬೀಜ ಸಾಲಲಿಲ್ಲ. ಸಂಘದ ಅಧ್ಯಕ್ಷ ವೀರಶೆಟ್ಟಿ ಗಡಿಯಾಚೆ ಹೋಗಿ ಹನ್ನೊಂದು ಚೀಲ ಬೀಜ ತಂದು ಕಣದಲ್ಲಿ ಇಳಿಸಿದರು. ಮುತ್ಯಾ ಪ್ರತಿ ಚೀಲದಿಂದಲೂ ಒಂದೆರಡು ತುಂಡು ಮುರಿದು ಮೂಸಿದರು. ಏಳು ಚೀಲ ಬಿಟ್ಟು ನಾಲ್ಕನ್ನು ಪಕ್ಕಕ್ಕೆ ಎಳೆಯಿಸಿದರು.

"ಇವ್ರಾಗ ನೀರಿನ ವಾಸನಿ ಅದ. ಬ್ಯಾಡ."

ವೀರಶೆಟ್ಟಿ ನನ್ನ ಕಡೆ ನೋಡಿದರು. ನಾಲ್ಕು ಚೀಲ ಬಿಟ್ಟರೆ ಹೊಸಬರಲ್ಲಿ ಕೆಲವರ ಮಡಿಗಳು ಖಾಲಿ ಉಳಿಯುತ್ತಿದ್ದವು. ನನಗೆ ತರಬೇತಿಯ ಪಾಠ ಬಾಯಿಗೆ ಬಂದಿತ್ತು. ಔಷಧದ ನೀರಿನಲ್ಲಿ ಬೀಜವನ್ನು ಅರ್ಧ ಗಂಟೆ ಮುಳುಗಿಸಿ, ನೆರಳಿನಲ್ಲಿ ಆರಿಸಿ ನೆಟ್ಟರೆ ಕೊಳೆ ರೋಗ ಬರುವುದಿಲ್ಲ ಎಂದೆ. ಮುತ್ಯಾ ಕೈಯಲ್ಲಿದ್ದ ತುಂಡು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀ ಓದಿದಾಕಿ. ನನಗ ಔಷಧದ ವಿಷಯ ತಿಳಿಯಂಗಿಲ್ಲ. ಬರೋಬರಿ ಅದ್ದಿದ್ರ ನಡೀಬಹುದು ಏನೋ. ಖರೆ ಅರ್ಧಾ ಗಂಟಿ ಅದ್ದಬೇಕು ನೋಡು."

"ನಾನೇ ನಿಂತು ಅದ್ದಸ್ತೀನಿ ಮುತ್ಯಾ" ಎಂದೆ. ಕುಣಿಯ ಬೀಜಕ್ಕೆ ಮಾತ್ರ ಔಷಧ ಬೇಡವೆಂದು ಊರವರೇ ಅಂದರು. ಅದಕ್ಕೆ ಯಾವತ್ತೂ ಹಾಕಿರಲಿಲ್ಲ.

ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮೊದಲು ಬೀಜ ನೆಲಕ್ಕೆ ಹೋಗಬೇಕಿತ್ತು. ಅದ್ದುವುದಕ್ಕೆ ಇದ್ದದ್ದು ಒಂದೇ ಡ್ರಮ್ಮು. ಹೆಣ್ಣಾಳುಗಳು ಒಂದೊಂದೇ ಚೀಲ ಸುರಿದು, ಗಡಿಯಾರ ನೋಡಿ ತೆಗೆದು, ಚಪ್ಪರದ ಕೆಳಗೆ ಹರಡುತ್ತಿದ್ದರು. ಏಳು ಚೀಲ ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ ದಾಟಿತು. ಪಡುವಣದಲ್ಲಿ ಮೋಡ ಎದ್ದಿತು. ಹೆಂಗಸರು ಮೇವು ನೆನೆಯುತ್ತದೆ, ದನ ಹೊರಗಿವೆ ಎಂದು ಚಡಪಡಿಸತೊಡಗಿದರು. ಉಳಿದದ್ದು ಮುತ್ಯಾ ಪಕ್ಕಕ್ಕೆ ಎಳೆಯಿಸಿದ್ದ ಆ ನಾಲ್ಕು. ಅವನ್ನು ನಾನೇ ಅದ್ದುತ್ತೇನೆ, ನೀವು ನಡೀರಿ ಎಂದೆ. ಹೇಳಿದಾಗ ನಾನು ಸುಳ್ಳು ಹೇಳಿರಲಿಲ್ಲ.

ಆ ಸಂಜೆ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವ್ವ ಮೂರು ಸಲ ಫೋನ್ ಮಾಡಿದ್ದಳು. ನಾಲ್ಕು ಚೀಲಕ್ಕೆ ಎರಡು ಗಂಟೆ ಬೇಕು, ಬಸ್ಸು ಐದೂವರೆಗೆ. ನಾನು ಚೀಲಗಳನ್ನು ಒಂದೊಂದಾಗಿ ಚಪ್ಪರದ ಕೆಳಗೆ ಸುರಿದೆ. ಡ್ರಮ್ಮಿನಿಂದ ಮಗ್ಗಿನಲ್ಲಿ ಔಷಧದ ನೀರು ತೆಗೆದು ಮೇಲಿನಿಂದ ಚಿಮುಕಿಸಿದೆ. ಬಣ್ಣ ಹತ್ತಿ ಎಲ್ಲವೂ ಅದ್ದಿದ ಬೀಜದಂತೆಯೇ ಕಂಡಿತು. ಕೈ ತೊಳೆದುಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ದಾರಿಯಲ್ಲಿ ಮುತ್ಯಾ ಎದುರಾದರು. "ಆಯ್ತೇನು ತಂಗಿ?" ಎಂದರು. "ಆಯ್ತ್ರಿ" ಎಂದೆ.

ಬಂದವರು ಶಿರಾ ತಿಂದು, ಚಹಾ ಕುಡಿದು, ತಿಳಿಸುತ್ತೇವೆ ಎಂದು ಎದ್ದು ಹೋದರು. ತಿಳಿಸಲಿಲ್ಲ.

ಆ ವರ್ಷ ಮಳೆ ಚೆನ್ನಾಯಿತು. ಎತ್ತರಿಸಿದ ಮಡಿಗಳ ಮೇಲೆ ಹೊದಿಸಿದ್ದ ಎಲೆಗಳನ್ನು ಸೀಳಿಕೊಂಡು ಹಸಿರು ಮೊಳಕೆಗಳು ಸಾಲಾಗಿ ಮೇಲೆದ್ದವು. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಗೇಣುದ್ದ ಬಂದಿದ್ದವು. ವೀರಶೆಟ್ಟಿ ಹೊಲಗಳನ್ನು ಸುತ್ತಿ ಬಂದು, "ಏನ್ ಬೆಳಿ ಬಂದದ ಮೇಡಂ, ಕಣ ಸಾಲಂಗಿಲ್ಲ" ಎಂದು ನಕ್ಕರು. ನನ್ನ ಎದೆಯಲ್ಲಿದ್ದ ಮುಳ್ಳು ಕಿತ್ತಂತಾಯಿತು. ಔಷಧವೂ ಬೇಕಿರಲಿಲ್ಲ ನೋಡು ಎಂದು ನನಗೆ ನಾನೇ ಹೇಳಿಕೊಂಡೆ.

ಶ್ರಾವಣದಲ್ಲಿ ಮಳೆ ನಿಲ್ಲಲಿಲ್ಲ. ಒಂದು ವಾರ ಬಿಸಿಲೇ ಬೀಳಲಿಲ್ಲ. ಮಡಿಗಳ ನಡುವಿನ ಕಾಲುವೆಗಳಲ್ಲಿ ನೀರು ನಿಂತಿತು. ಸೋಮವಾರ ಬೆಳಿಗ್ಗೆ ಹೊಸದಾಗಿ ಸೇರಿದ ಒಬ್ಬರ ಹೊಲದಿಂದ ಕರೆ ಬಂತು. ಎಲೆಗಳ ತುದಿ ಹಳದಿಯಾಗಿತ್ತು. ಗಿಡ ಹಿಡಿದು ಮೆಲ್ಲಗೆ ಎಳೆದೆ. ಬೇರಿನ ಹಿಡಿತವೇ ಇಲ್ಲದೆ ಅದು ನನ್ನ ಕೈಗೆ ಬಂದುಬಿಟ್ಟಿತು. ಬುಡ ಲೋಳೆಯಾಗಿತ್ತು. ಆ ನಾತ ಈಗಲೂ ನನಗೆ ಎಲ್ಲೆಲ್ಲಿಂದಲೋ ಬರುತ್ತದೆ. ಒದ್ದೆ ಬಟ್ಟೆಯಿಂದ, ನಾನು ಈಗ ಕಲಿಸುವ ಶಾಲೆಯ ಹೂಕುಂಡಗಳಿಂದ, ಒಮ್ಮೊಮ್ಮೆ ಏನೂ ಇಲ್ಲದ ಕಡೆಯಿಂದ.

ಮುತ್ಯಾ ನನ್ನ ಹಿಂದೆ ನಿಂತಿದ್ದರು. ಗಿಡ ನನ್ನ ಕೈಯಿಂದ ತೆಗೆದುಕೊಂಡು ಮೂಸಿದರು. ಬಗ್ಗಿ ಆ ಗಿಡವಿದ್ದ ಜಾಗದ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿಸಿ ಹೊಲದಾಚೆ ಒಯ್ಯಿಸಿದರು. ಅದು ಅಷ್ಟರಿಂದ ನಿಲ್ಲುವಂಥದ್ದಾಗಿರಲಿಲ್ಲ. ರೋಗ ನೀರಿನ ಜೊತೆ ಹರಿದು ಹೋಯಿತು. ಮೇಲಿನ ಹೊಲದಿಂದ ಕೆಳಗಿನ ಹೊಲಕ್ಕೆ, ಅಲ್ಲಿಂದ ಮುಂದಕ್ಕೆ. ಭಾದ್ರಪದ ಮುಗಿಯುವಷ್ಟರಲ್ಲಿ ಸಂಘದ ಅರ್ಧಕ್ಕರ್ಧ ಹೊಲಗಳು ಕೂತುಹೋದವು. ಕೆಳಗಿನ ಹೊಲದ ಒಬ್ಬಾಕೆ ಕೊಳೆತ ಮಡಿಯ ಮೇಲೆ ಕೂತು ಗಡ್ಡೆಗಳನ್ನು ಕೆದಕುತ್ತ, ಗಟ್ಟಿ ಇದ್ದದ್ದು ಸಿಕ್ಕಿದಾಗೆಲ್ಲ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ದಿನವಿಡೀ ಹುಡುಕಿದರೂ ಸೆರಗು ತುಂಬಿರಲಿಲ್ಲ.

ಸಭೆ ಸೇರಿತು. ಎಲ್ಲರೂ ಹೊಸ ಕಣದ ಮೇಲೆಯೇ ಕೂತಿದ್ದರು. ಯಾರೂ ಕೂಗಾಡಲಿಲ್ಲ. ವೀರಶೆಟ್ಟಿ ಒಂದೊಂದಾಗಿ ಬಿಡಿಸಿ ಹೇಳಿದರು. ಹೊರಗಿನಿಂದ ಬಂದ ಬೀಜಕ್ಕೆಲ್ಲ ಔಷಧವಾಗಿದೆ. ಔಷಧ ಕಾಣದೆ ನೆಲಕ್ಕೆ ಹೋದದ್ದು ಕುಣಿಯ ಬೀಜ ಒಂದೇ. ಕೂತುಹೋದ ಹೊಲಗಳಲ್ಲಿ ಎರಡೂ ಬೆರೆತಿದ್ದವು.

"ನಾ ಯಾರ್ದೂ ಗಲತಿ ಅನ್ನಂಗಿಲ್ಲ. ಮುತ್ಯಾಗ ವಯಸ್ಸಾಗ್ಯಾದ. ಮೂಗು ಮೊದಲಿನಂಗ ಇರಂಗಿಲ್ಲ" ಎಂದರು.

ಮುತ್ಯಾ ಕಣದ ಅಂಚಿನ ಗೋಡೆಗೆ ಒರಗಿ ಕೂತಿದ್ದರು. ಈ ಮಾತಿಗೆ ನನ್ನ ಕಡೆ ತಿರುಗಿದರು.

"ತಂಗಿ, ಆ ನಾಕು ಚೀಲ ಅರ್ಧಾ ಗಂಟಿ ಅದ್ದಿದ್ದಿ ಅಲ್ಲ?"

ಅವರ ದನಿಯಲ್ಲಿ ಸಂಶಯ ಇರಲಿಲ್ಲ. ಕೇಳಿ ತಿಳಿದುಕೊಳ್ಳುವವರ ದನಿ ಅದು. ನನ್ನ ಸುತ್ತ ಐವತ್ತು ಮುಖಗಳಿದ್ದವು. ಅವರ ಒಂದು ವರ್ಷದ ಬೆಳೆ ಆ ಉತ್ತರದಲ್ಲಿತ್ತು.

"ಹೌದ್ರಿ ಮುತ್ಯಾ, ಎಲ್ಲಾ ಅದ್ದೀನಿ."

ಅವರು ತಲೆಯಾಡಿಸಿದರು. "ಹಂಗಂದ್ರ ನನ್ನ ಕುಣಿದೇ ಇರಬೇಕು" ಎಂದರು. ಎದ್ದು, ಧೋತರ ಕೊಡವಿಕೊಂಡು, ಕಣದಿಂದ ಇಳಿದು ಹೋದರು. ಮರುದಿನ ಬೇವಿನ ಮರದ ಕೆಳಗಿನ ಕುಣಿಗೆ ತಾವೇ ಮಣ್ಣು ಎಳೆದು ಮುಚ್ಚಿದರಂತೆ. ಸೊಸೆ ಕೈ ಹಚ್ಚಲು ಹೋದರೆ ಬೇಡವೆಂದರಂತೆ.

ನಾನು ಬಹಳ ದಿನ ಒಂದು ನಂಬಿಕೆಯಲ್ಲಿ ಬದುಕಿದೆ. ಮುತ್ಯಾಗೆ ಎಲ್ಲ ಗೊತ್ತು, ನನ್ನ ಮಾನ ಉಳಿಸಲು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ ಎಂದು. ಹಾಗೆ ಅಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ದಸರೆಯ ನಂತರ ಒಂದು ದಿನ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಮೈ ಇಳಿದುಹೋಗಿತ್ತು. ಅವರ ಮುಂದೆ ಒಂದು ಮೊರದಲ್ಲಿ ಹತ್ತಾರು ಗಡ್ಡೆಗಳಿದ್ದವು. ಎರಡು ತುಂಡು ಮುರಿದು ನನ್ನ ಕೈಗೆ ಕೊಟ್ಟರು.

"ಇದ್ರಾಗ ಖರಾಬ್ ಯಾವುದು, ನೋಡಿ ಹೇಳು ತಂಗಿ."

ಎರಡನ್ನೂ ಮೂಸಿದೆ. ತಿಳಿಯಲಿಲ್ಲ ಎಂದೆ.

"ನನಗೂ ತಿಳಿವಲ್ದು" ಎಂದರು. "ಅರವತ್ತು ವರ್ಷ ತಿಳೀತಿತ್ತು ಅಂತ ಮಾಡಿದ್ದೆ. ಅದೂ ಖರೆನೋ ಸುಳ್ಳೋ."

ಆಗ ನನಗೆ ಅರ್ಥವಾಯಿತು. ಅವರು ಯಾರ ತಪ್ಪನ್ನೂ ಹೊತ್ತುಕೊಂಡಿರಲಿಲ್ಲ. ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ. ಬಾಯಿ ತೆರೆದೆ. ಅಷ್ಟರಲ್ಲಿ ಮಹಾನಂದಾ ಚಹಾ ತಂದಳು. ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಕಾರ್ತಿಕದಲ್ಲಿ ಅವರಿಗೆ ಜ್ವರ ಬಂತು. ಹುಮನಾಬಾದಿನ ಆಸ್ಪತ್ರೆಗೆ ಕರೆದೊಯ್ದರು. ನಾಲ್ಕನೆಯ ದಿನ ವೀರಶೆಟ್ಟಿ ಫೋನ್ ಮಾಡಿ, "ಮುತ್ಯಾ ಹ್ವಾದ್ರು ಮೇಡಂ" ಎಂದರು. ಅವರ ಹೊಲದಲ್ಲಿಯೇ ಮಣ್ಣು ಮಾಡಿದರು. ನಾನೂ ಸಾಲಿನಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿದೆ.

ಉಳಿದ ಹೊಲಗಳ ಬೆಳೆ ಸಂಕ್ರಾಂತಿಯ ಹೊತ್ತಿಗೆ ಕಣಕ್ಕೆ ಬಂತು. ಕೆಲಸ ನಿಲ್ಲುವಂತಿರಲಿಲ್ಲ. ಗಡ್ಡೆಗಳನ್ನು ರಾತ್ರಿ ತೊಟ್ಟಿಯಲ್ಲಿ ನೆನೆಹಾಕಿ, ಬೆಳಿಗ್ಗೆ ಹೆಂಗಸರು ಸುತ್ತ ಕೂತು ಬಿದಿರಿನ ಸೀಳುಗಳಿಂದ ಸಿಪ್ಪೆ ಹೆರೆಯುತ್ತಿದ್ದರು. ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ, ಆಳಕ್ಕೆ ಹೆರೆದರೆ ಸಿಪ್ಪೆಯ ಕೆಳಗಿನ ಎಣ್ಣೆ ಹೋಗಿ ಖಾರ ಸಾಯುತ್ತದೆ. ಹೆರೆದದ್ದನ್ನು ತೊಳೆದು ಕಣದ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಮೂರು ಸಲ ತಿರುವಬೇಕು. ಎಂಟು ಹತ್ತು ಬಿಸಿಲಿನಲ್ಲಿ ಗಡ್ಡೆ ಕುಗ್ಗಿ, ಬೆಳ್ಳಗಾಗಿ, ಮುರಿದರೆ ಟಕ್ ಎನ್ನುತ್ತದೆ. ಆಮೇಲೆ ಗೋಣಿಯಲ್ಲಿ ಹಾಕಿ ಉಜ್ಜಬೇಕು. ಕಣದ ಅರ್ಧ ಭಾಗ ಆ ವರ್ಷ ಖಾಲಿಯೇ ಇತ್ತು. ಖಾಲಿ ಭಾಗದ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಸುತ್ತಿಕೊಂಡೇ ಹೋಗುತ್ತಿದ್ದರು.

ಕಣದ ಅಂಚಿಗೆ ಒಂದು ಮೊಣಕಾಲೆತ್ತರದ ಗೋಡೆ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬಂದಾಗ ಅದರ ಮೇಲೆ ಎರಡಾಗಿ ಮುರಿದ ಹಸಿ ಗಡ್ಡೆಯೊಂದು ಕಂಡಿತು. ಮುರಿದ ಮುಖ ಮೇಲಕ್ಕಿತ್ತು. ಮುತ್ಯಾ ಮೂಸಿದ ಮೇಲೆ ಹಾಗೆಯೇ ಇಡುತ್ತಿದ್ದರು. ಮರುದಿನವೂ ಇತ್ತು, ಅದರ ಮರುದಿನವೂ. ಮುರಿದ ಜಾಗ ಇನ್ನೂ ಹಸಿಯಾಗಿ ಹೊಳೆಯುತ್ತಿರುತ್ತಿತ್ತು. ಅವನ್ನು ಎತ್ತಿ ಎಸೆಯಲು ನನಗೆ ಧೈರ್ಯ ಬರಲಿಲ್ಲ. ಹೆಂಗಸರಲ್ಲಿ ಒಬ್ಬಾಕೆ, "ಮುತ್ಯಾ ಬಂದು ನೋಡಿ ಹೋಗಾಕತ್ತಾರ ನೋಡ್ರಿ" ಎಂದಳು. ಅವಳು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಅವರು ಬರುತ್ತಿದ್ದರೆ ಏನನ್ನು ಹುಡುಕಿಕೊಂಡು ಬರುತ್ತಿದ್ದಾರೆಂದು ಆ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಸವಕಲ್ಯಾಣದ ನಮ್ಮ ಮನೆಯಲ್ಲೂ ಬೆನ್ನ ಹಿಂದೆ ಯಾರೋ ಉದ್ದಕ್ಕೆ ಉಸಿರೆಳೆದಂತೆ ಕೇಳಿ ತಿರುಗಿ ನೋಡುತ್ತಿದ್ದೆ. ಅವ್ವ ಅಲ್ಲ ಜಜ್ಜುತ್ತಿದ್ದರೆ ಒಲೆಯ ಹತ್ತಿರ ನಿಲ್ಲಲಾಗುತ್ತಿರಲಿಲ್ಲ.

ಒಂದು ದಿನ ಮೊದಲ ಬಸ್ಸಿಗೇ ಬಂದೆ. ಬಿಸಿಲು ಇನ್ನೂ ಕಣಕ್ಕೆ ಇಳಿದಿರಲಿಲ್ಲ. ಗೋಡೆಯ ಮೇಲೆ ಯಾರೋ ಬೆನ್ನು ತಿರುಗಿಸಿ ಕೂತಿದ್ದರು. ಅಲ್ಲೇ ನಿಂತೆ. ಕೂತವರು ಗಡ್ಡೆ ಮುರಿದು ಮುಖಕ್ಕೆ ಹಿಡಿದು ಉದ್ದಕ್ಕೆ ಉಸಿರೆಳೆದರು. ತಲೆಯ ಮೇಲೆ ಸೆರಗಿತ್ತು. ಮಹಾನಂದಾ.

ನಾನು ಬಂದದ್ದು ನೋಡಿ ಸ್ವಲ್ಪ ನಾಚಿದಳು. "ಮುಂಜಾನಿ ಮೂಗು ಸಾಫ್ ಇರ್ತದ ಅಂತಿದ್ರು ಮಾವ" ಎಂದಳು. "ದವಾಖಾನ್ಯಾಗ ಇದ್ದಾಗ, ನೀ ಕಲಿ ಅಂದ್ರು. ಆಮ್ಯಾಲ ತಾವೇ, ಬ್ಯಾಡ ಬಿಡು, ನನಗೇ ಬರಲಿಲ್ಲ, ನಿನಗೇನ್ ಕಲಸಲಿ ಅಂದ್ರು. ನಾ ಸುಮ್ನ ನೋಡಾಕತ್ತೀನಿ ಮೇಡಂ. ಬರೋಬರಿ ಯಾವ್ದು, ತಪ್ಪು ಯಾವ್ದು, ಹೇಳೋರು ಯಾರೂ ಇಲ್ಲ."

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ನಾಲ್ಕು ಚೀಲ, ಮಗ್ಗಿನ ನೀರು, ಐದೂವರೆಯ ಬಸ್ಸು, ಮನೆಗೆ ಬಂದವರು, ಎಲ್ಲ. ಮುತ್ಯಾ ಬೇಡವೆಂದು ಎಳೆಯಿಸಿದ್ದು ಅದೇ ನಾಲ್ಕು ಚೀಲ, ಅವರ ಮೂಗು ತಪ್ಪಿರಲಿಲ್ಲ ಎಂದೆ. ಮಹಾನಂದಾ ಕೈಯಲ್ಲಿದ್ದ ತುಂಡುಗಳನ್ನು ಗೋಡೆಯ ಮೇಲಿಟ್ಟಳು. ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿ ಎಂದು ಕಾದೆ.

"ನನಗ ಯಾಕ ಹೇಳ್ತೀರಿ?" ಎಂದಳು. "ಇದು ಅವ್ರಿಗಿ ಬೇಕಾಗಿತ್ತು."

ಎದ್ದು, ಚಪ್ಪಲಿ ಮೆಟ್ಟಿಕೊಂಡು, "ನಡೀರಿ" ಎಂದಳು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಆ ಹಂಗಾಮು ಮುಗಿದ ಮೇಲೆ ನಾನು ಕೆಲಸ ಬಿಟ್ಟೆ. ಸಂಘದವರು ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೊನೆಯ ಚೀಲ ಹೊಲಿಯುವವರೆಗೆ ಕೆಲಸ ಮಾಡಿಸಿಕೊಂಡರು. ವೀರಶೆಟ್ಟಿ ಮಾತ್ರ ಅಂದಿನಿಂದ ನನ್ನನ್ನು ಮೇಡಂ ಎಂದು ಕರೆಯಲಿಲ್ಲ. ನಾನು ಬಿ.ಎಡ್. ಮಾಡಿ ಶಾಲೆ ಸೇರಿಕೊಂಡೆ. ಸಂಘ ಬಿದ್ದುಹೋಗಲಿಲ್ಲ. ಮರುವರ್ಷ ಮಹಾನಂದಾ ಬೇವಿನ ಮರದ ಕೆಳಗೆ ಕುಣಿ ಮತ್ತೆ ತೆಗೆದಳು. ಈಗ ಬೇಮಳಖೇಡದ ಕಡೆಯವರೂ ಬೀಜ ನೋಡಲು ಅವಳನ್ನು ಕರೆಯುತ್ತಾರೆಂದು ಕೇಳಿದ್ದೇನೆ. ಅವಳಿಗೆ ನಿಜಕ್ಕೂ ಆ ವಾಸನೆ ತಿಳಿಯುತ್ತದೋ ಇಲ್ಲವೋ, ಕೇಳುವ ಅಧಿಕಾರ ನನಗಿಲ್ಲ.

ಆ ಬೆಳಿಗ್ಗೆ ಅವಳು ಮುಂದೆ, ನಾನು ಹಿಂದೆ. ಊರು ದಾಟಿ, ಕಡಲೆ ಹೊಲಗಳ ಬದುವಿನ ಮೇಲೆ ನಡೆದೆವು. ಇಬ್ಬನಿಗೆ ಸೀರೆಯ ಅಂಚು ನೆನೆಯಿತು. ಮುತ್ಯಾನನ್ನು ಮಣ್ಣು ಮಾಡಿದ ಜಾಗದಲ್ಲಿ ಇನ್ನೂ ಕಲ್ಲು ಕೂಡಿಸಿರಲಿಲ್ಲ. ಸಗಣಿಯಿಂದ ಸಾರಿಸಿದ ಒಂದು ದಿಬ್ಬ, ಮೇಲೆ ಹಿಂದಿನ ಸೋಮವಾರದ ಬಿಲ್ವಪತ್ರೆ. ಮಹಾನಂದಾ ಪಕ್ಕಕ್ಕೆ ಸರಿದು ನಿಂತಳು.

"ಹೇಳ್ರಿ."

"ಮುತ್ಯಾ, ಆ ನಾಕು ಚೀಲ ನಾ ಅದ್ದಿರಲಿಲ್ಲ" ಎಂದೆ. ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

ಮಹಾನಂದಾ ದಿಬ್ಬದ ಕಡೆಗೇ ನೋಡುತ್ತಿದ್ದಳು. "ಜೋರಾಗಿ ಹೇಳ್ರಿ ಮೇಡಂ. ಕಡೀಕಡೀಗ ಅವ್ರಿಗಿ ಕಿವಿ ಕೇಳಸ್ತಿರಲಿಲ್ಲ."

ಪಕ್ಕದ ಹೊಲದಲ್ಲಿ ಏಳೆಂಟು ಜನ ಕಡಲೆ ಕೀಳುತ್ತಿದ್ದರು. ಕೆಳಗಿನ ಹೊಲದ ಆ ಹೆಂಗಸೂ ಅವರಲ್ಲಿದ್ದಳು. ನಾನು ಇನ್ನೊಮ್ಮೆ ಹೇಳಿದೆ, ಈ ಸಲ ದನಿ ಎತ್ತಿ. ಬಗ್ಗಿದ್ದವರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ಇತ್ತ ತಿರುಗಿದರು. ಮಹಾನಂದಾ ಸಾಕು ಎನ್ನಲಿಲ್ಲ. ಮೂರನೆಯ ಸಲ ಕೂಗಿಯೇ ಹೇಳಿದೆ. ಆ ನಾಲ್ಕು ಚೀಲ ಅದ್ದಿರಲಿಲ್ಲ ಮುತ್ಯಾ, ಕಣದಲ್ಲಿ ನಾನು ಸುಳ್ಳು ಹೇಳಿದೆ, ನಿಮ್ಮ ಕುಣಿಯ ಬೀಜ ಚೊಲೋ ಇತ್ತು, ನಿಮ್ಮ ಮೂಗು ಸುಳ್ಳಾಗಿರಲಿಲ್ಲ.

ಕಡಲೆ ಕೀಳುತ್ತಿದ್ದವರು ಬದುವಿನವರೆಗೆ ಬಂದು ನಿಂತಿದ್ದರು. ಮಹಾನಂದಾ ಸೆರಗಿನಿಂದ ಮುಖ ಒರೆಸಿಕೊಂಡು, ದಿಬ್ಬದ ಮೇಲಿದ್ದ ಒಣ ಪತ್ರೆಯನ್ನು ತೆಗೆದಳು.

"ಈಗ ಕೇಳಿರ್ತಾರ" ಎಂದಳು.